ಹಿಂದಿನ ಸೀಟಿನ ಹೂಂ

ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಗೆ ಹೋಗುವ ಬಾಗಿಲಿನ ಎಡಮಗ್ಗುಲಿಗೆ, ಕ್ಯಾಲೆಂಡರು ಇರಬೇಕಾದ ಮೊಳೆಗೆ ಒಂದು ಕಬ್ಬಿಣದ ಜಾಳಿಗೆ ತೂಗುತ್ತದೆ. ಮೊದಲ ಸಲ ಬಂದವರು ಅದನ್ನು ಮುರಿದ ಕಿಟಕಿಯ ತುಂಡೆಂದೋ ಬದನೆಕಾಯಿ ಸುಡುವ ಸಾಧನವೆಂದೋ ತಿಳಿಯುತ್ತಾರೆ. ಅದು ನಿಜಕ್ಕೂ ಮೋಟಾರ್ ಸೈಕಲ್ಲಿನ ಸೀರೆ ಗಾರ್ಡು. ಹಿಂದೆ ಕೂತ ಹೆಂಗಸಿನ ಸೆರಗು ಗಾಲಿಗೆ ಸಿಕ್ಕದಂತೆ ಪಕ್ಕದಲ್ಲಿ ಅಡ್ಡ ನಿಲ್ಲುವ ಬಡಪಾಯಿ. ನನ್ನ ಹೆಂಡತಿ ಸುಮಿತ್ರಾ ಅದಕ್ಕೆ ಚಹಾ ಸೋಸುವ ಜರಡಿಯನ್ನೂ ಎರಡು ಸೌಟುಗಳನ್ನೂ ಸಿಕ್ಕಿಸುತ್ತಾಳೆ, ಬೆಳ್ಳುಳ್ಳಿ ಅಗ್ಗವಾದ ದಿನಗಳಲ್ಲಿ ಅದರ ಗೊಂಚಲನ್ನೂ ಕಟ್ಟುತ್ತಾಳೆ. ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಇಳಿದಾಗ ಆ ಜಾಳಿಗೆಯ ನೆರಳು ಗೋಡೆಯ ಮೇಲೆ ನಿಧಾನವಾಗಿ ಸರಿದು, ಮೂರು ಗಂಟೆಯ ಹೊತ್ತಿಗೆ ನಾನು ಕೂರುವ ಕುರ್ಚಿಯನ್ನು ಮುಟ್ಟುತ್ತದೆ. ರಜೆಯ ದಿನ ನಾನು ಆ ನೆರಳನ್ನು ನೋಡುತ್ತಾ ಎಷ್ಟೋ ಹೊತ್ತು ಸುಮ್ಮನೆ ಕೂತಿರುತ್ತೇನೆ.

ಗಾರ್ಡು ಗೋಡೆಯ ಮೇಲಿದ್ದರೆ ಗಾಡಿ ಎಲ್ಲಿ ಎಂದು ನೀವು ಕೇಳುವುದು ಸಹಜ. ಎರಡೂವರೆ ವರ್ಷ ನಮ್ಮ ಮನೆಯಲ್ಲಿ ಗಾಡಿಯೇ ಇರಲಿಲ್ಲ, ಗಾರ್ಡು ಮಾತ್ರ ಇತ್ತು. ನಾನು ಬಬಲೇಶ್ವರದ ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುವವನು, ಸುಮಿತ್ರಾ ಟಿಕೋಟಾದ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಕಾಶೆಯ ಮೇಲೆ ವಿಜಯಪುರಕ್ಕೆ, ಟಿಕೋಟಾಕ್ಕೆ, ಬಬಲೇಶ್ವರಕ್ಕೆ ಒಂದೊಂದು ಚುಕ್ಕಿಯಿಟ್ಟು ಗೆರೆ ಎಳೆದರೆ ಸ್ವಲ್ಪ ಓರೆಯಾದ ಒಂದು ತ್ರಿಕೋನ ಮೂಡುತ್ತದೆ. ಹಳೆಯ ಗಾಡಿ ಇದ್ದಾಗ ಮುಂಜಾನೆ ಅವಳನ್ನು ಟಿಕೋಟಾದಲ್ಲಿಳಿಸಿ, ದ್ರಾಕ್ಷಿ ತೋಟಗಳ ನಡುವಿನ ಅಡ್ಡದಾರಿ ಹಿಡಿದು ಬಬಲೇಶ್ವರ ಮುಟ್ಟಿ, ಸಂಜೆ ಅದೇ ತ್ರಿಕೋನವನ್ನು ಹಿಂದುಮುಂದಾಗಿ ಸುತ್ತಿ ಇಬ್ಬರೂ ಮನೆ ಸೇರುತ್ತಿದ್ದೆವು. ಗಾಡಿ ಹೋದ ಮೇಲೆ ತ್ರಿಕೋನ ಬಿಚ್ಚಿಕೊಂಡು ಎರಡು ಬಿಡಿ ಗೆರೆಗಳಾದವು. ಅವಳಿಗೊಂದು ಬಸ್ಸು, ನನಗೊಂದು ಬಸ್ಸು, ಬುತ್ತಿಯ ಡಬ್ಬಿ ಮಾತ್ರ ಇಬ್ಬರದೂ ಒಂದೇ ಬಣ್ಣದ್ದು.

ನನ್ನ ಸ್ವಭಾವವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ಹಗಲುಗನಸಿನ ಆಸಾಮಿ. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಅರಬ್ಬೀ ಸಮುದ್ರ, ಮಾನ್ಸೂನ್ ಮಾರುತ, ಕಡಲ ಕೊರೆತ, ಅಳಿವೆ ಎಲ್ಲವನ್ನೂ ಕಲಿಸಿದ್ದೇನೆ; ಸಮುದ್ರವನ್ನು ನೋಡಿದ್ದು ಮಾತ್ರ ಒಂದೇ ಸಲ, ಅದೂ ಒಂದು ತರಬೇತಿಗೆ ಹೋದಾಗ, ಊಟದ ಬಿಡುವಿನಲ್ಲಿ. ಸುಮಿತ್ರಾ ಇನ್ನೂ ನೋಡಿಯೇ ಇಲ್ಲ. ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಜಮಖಂಡಿ, ಗೋಕಾಕ, ಬೆಳಗಾವಿ ದಾಟಿ, ಘಟ್ಟ ಇಳಿದು, ಒಂದು ಸಂಜೆ ದಂಡೆಯ ಮೇಲೆ ಗಾಡಿ ನಿಲ್ಲಿಸಿ "ಇದೇ ನೋಡು" ಎನ್ನಬೇಕೆಂಬುದು ನನ್ನ ಬಹುಕಾಲದ ಕನಸು. ಬಸ್ಸಿನ ಕಿಟಕಿಗೆ ತಲೆಯಾನಿಸಿ, ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಗದ್ದವೂರಿ ನಾನು ಆ ದಾರಿಯನ್ನು ಎಷ್ಟು ಸಲ ಸವೆಸಿದ್ದೇನೋ ಲೆಕ್ಕವಿಲ್ಲ. ಜೋಳದ ಹೊಲ ಗಾಳಿಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬಾಗುವಾಗ ನನಗೆ ಅಲೆಗಳೇ ಕಾಣುತ್ತವೆ, ಕಂಡಕ್ಟರ್ ಬಂದು ಭುಜ ತಟ್ಟಿದಾಗಲೇ ಬಬಲೇಶ್ವರ ಬಂದದ್ದು ತಿಳಿಯುವುದು.

ಕಳೆದ ವರ್ಷ ದೀಪಾವಳಿಯ ನಂತರ ಈ ಕನಸಿಗೆ ಗಾಲಿ ಮೂಡತೊಡಗಿದವು. ದಿನದ ತ್ರಿಕೋನಕ್ಕೂ ಆಗಬೇಕು, ದೂರದ ಘಟ್ಟಕ್ಕೂ ಆಗಬೇಕು. ಓಡುವಾಗ ಹುರುಪಿರಬೇಕು, ಕೂತಾಗ ಸೊಂಟ ನೋಯಬಾರದು. ಅಂಥ ಗಾಡಿಗಳಿಗೆ ಸ್ಪೋರ್ಟ್ ಟೂರಿಂಗ್ ಎನ್ನುತ್ತಾರೆಂದು ಮೊಬೈಲು ನನಗೆ ಕಲಿಸಿತು. ಎದೆಗೆ ಅರ್ಧ ಕವಚ, ಗಾಳಿ ತಡೆಯಲು ಮುಂದೊಂದು ಗಾಜು, ತೀರಾ ಬಗ್ಗದೆ ತೀರಾ ಸೆಟೆಯದೆ ಕೂರುವ ಭಂಗಿ, ಹಿಂದೆ ಪೆಟ್ಟಿಗೆ ಕಟ್ಟಲು ಜಾಗ. ಅದರಲ್ಲೂ ನಾನು ಹುಡುಕಿದ್ದು ನಡುಮಟ್ಟದ ಬೆಲೆಯವನ್ನು, ನನ್ನಂಥ ಸಂಬಳದವರು ನಾಲ್ಕು ರಾತ್ರಿ ಯೋಚಿಸಿ ಐದನೆಯ ದಿನ ಧೈರ್ಯ ಮಾಡಬಹುದಾದವನ್ನು. ಮೊಬೈಲಿನ ವಿಡಿಯೋಗಳಲ್ಲಿ ಗಾಡಿಯ ಗುಣಗಾನ ಮಾಡುವವರೆಲ್ಲ ಬೆಟ್ಟದ ತಿರುವುಗಳಲ್ಲಿ ಒಬ್ಬೊಬ್ಬರೇ ಹಾಯಾಗಿ ಹೋಗುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ಪ್ರತಿಯೊಬ್ಬರೂ ತಮ್ಮ ಗಾಡಿಯೇ ಗಾಡಿ ಎನ್ನುತ್ತಿದ್ದರು. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಹ್ಯಾಂಡಲಿಗೆ ಬುತ್ತಿಯ ಚೀಲ ತೂಗುಹಾಕಿ, ಟಿಕೋಟಾದ ರಸ್ತೆಯಲ್ಲಿ ಓಡಿಸಿ ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಹೆಂಡತಿಯ ಮಾತು ಬಂದಿತು, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸುಮಿತ್ರಾ ಆ ಎರಡೂವರೆ ವರ್ಷಗಳಿಂದ ಯಾವ ಮೋಟಾರ್ ಸೈಕಲ್ಲಿನ ಮೇಲೂ ಕೂತಿರಲಿಲ್ಲ, ಅದಕ್ಕೆ ಕಾರಣ ನಾನು.

ಹಳೆಯ ಗಾಡಿಯ ಸೀರೆ ಗಾರ್ಡಿನ ಒಂದು ಬೋಲ್ಟು ಮುರಿದು ಅದು ಹಗಲೆಲ್ಲ ಗಡಗಡಿಸುತ್ತಿತ್ತು. ಸೊಲ್ಲಾಪುರ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ರಜಾಕ್ ಮಿಸ್ತ್ರಿ ನನ್ನ ಗಾಡಿಯ ನಾಡಿ ಬಲ್ಲ ಹಳೆಯ ವೈದ್ಯ. ಅಂದು ಅವರಲ್ಲಿಗೆ ಹೋದಾಗ ವೆಲ್ಡಿಂಗ್ ಮಾಡುವವನು ಊರಲ್ಲಿರಲಿಲ್ಲ. ಮರುದಿನ ಟಿಕೋಟಾದಲ್ಲಿ ಸುಮಿತ್ರಾಳ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ರಮ. ದಾರಿಯುದ್ದಕ್ಕೂ ಹೆಂಡತಿಯೊಡನೆ ಮಾತಾಡುತ್ತ ಹೋಗುವುದು ನನ್ನ ಸುಖ, ಆ ಸಪ್ಪಳದಲ್ಲಿ ಮಾತು ಸಾಗುತ್ತಿರಲಿಲ್ಲ.

"ತೆಗೆದ ಒಗೀರಿ ಅತ್ತಾಗ, ಕಿವಿ ಚಿಟ್ಟ ಹಿಡದಾವು" ಎಂದೆ.

"ಸರ, ಅದೇನ ಚಂದಕ್ಕ ಹಾಕಿದ್ದಲ್ರಿ. ನಾಳಿ ಒಂದಿನ ಬಸ್ಸಿಗೆ ಹೋಗ್ರಿ, ನಾಡದ್ದ ಸಜ್ಜ ಮಾಡಿ ಕೊಡ್ತೀನಿ" ಎಂದರು ಮಿಸ್ತ್ರಿ.

ನಾನು ಕೇಳಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡು ಗಾರ್ಡನ್ನು ಬಿಚ್ಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, "ಮನ್ಯಾಗರೆ ಜ್ವಾಕಿಯಿಂದ ಇಡ್ರಿ" ಎಂದು ಕೈಗೆ ಕೊಟ್ಟರು.

ಮುಂದಿನದನ್ನು ಹೇಳುವ ಮೊದಲು ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಮ್ಮ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಕಥೆ ಹೇಳುವಾಗ ಎದುರಿಗೆ ಕೂತವರಲ್ಲಿ ಒಬ್ಬರಾದರೂ ಮಾತು ಮಾತಿಗೆ ಹೂಂಗುಟ್ಟಬೇಕಿತ್ತು. ಹೂಂ ನಿಂತಿತೋ, ರಾಜಕುಮಾರ ಏಳು ಸಮುದ್ರದ ನಡುವೆ ಈಜುತ್ತಿದ್ದರೂ ಸರಿ, ಕಥೆ ಅಲ್ಲೇ ನಿಲ್ಲುತ್ತಿತ್ತು. "ಹೂಂ ಅನ್ನವ್ರ ಇಲ್ಲಂದ್ರ ಕತಿ ಗ್ವಾಡಿಗೆ ಹೇಳ್ಲೇನ್ಲೇ?" ಎಂದು ಆಯಿ ಚಾಪೆ ಮಡಚುತ್ತಿದ್ದಳು. ಅದೇ ರೂಢಿ ನನ್ನ ಸಂಸಾರಕ್ಕೂ ಬಂದಿತು. ಗಾಡಿಯ ಮೇಲೆ ನಾನು ಮಾತಾಡುವವನು, ಸುಮಿತ್ರಾ ಹಿಂದಿನಿಂದ ಹೂಂಗುಟ್ಟುವವಳು. ಹದಿನೆಂಟು ವರ್ಷ ನನ್ನ ಎಡ ಭುಜದ ಹಿಂದೆ ಆ ಹೂಂ ಇತ್ತು, ಗಾಡಿಯದೇ ಒಂದು ಸದ್ದು ಎಂಬಷ್ಟು ಅಭ್ಯಾಸವಾಗಿತ್ತು.

ಅಂದು ಅವಳು ಕೆಂಪು ಇಳಕಲ್ ಸೀರೆ ಉಟ್ಟು ಒಂದೇ ಬದಿಗೆ ಕಾಲು ಬಿಟ್ಟು ಕೂತಿದ್ದಳು, ತೊಡೆಯ ಮೇಲೆ ಮಗುವಿಗೆ ಹೊಲಿಸಿದ ಕುಂಚಿಗೆಯ ಗಂಟು. ಟಿಕೋಟಾ ಇನ್ನೇನು ಬಂದಿತು ಎನ್ನುವಾಗ ರಸ್ತೆಯ ಬದಿ ಒಂದು ಬನ್ನಿಯ ಮರವಿದೆ. ಅಲ್ಲಿ ಗಾಡಿ ಒಮ್ಮೆ ಎಳೆದಂತಾಯಿತು, ನಾನು ಗುಂಡಿ ಎಂದುಕೊಂಡೆ. ಆಗ ನಾನು ಸಮುದ್ರದ ವಿಷಯ ಹೇಳುತ್ತಿದ್ದೆ, ಹುಣ್ಣಿಮೆಗೆ ನೀರು ಹೇಗೆ ಏರುತ್ತದೆ ಎಂದು. ಹೇಳುತ್ತಲೇ ಹೋದೆ. ಹೂಂ ನಿಂತಿತ್ತು, ನನ್ನ ಮಾತು ನಿಲ್ಲಲಿಲ್ಲ. ಹೊಲದಲ್ಲಿದ್ದ ಯಾರೋ "ಯಪ್ಪಾ, ಗಾಡಿ ನಿಲ್ಲಸೋ, ಅಕ್ಕಾರು ಬಿದ್ದಾರ!" ಎಂದು ಕೂಗಿದ ಮೇಲೆಯೇ ನಾನು ಹಿಂದಿರುಗಿ ನೋಡಿದ್ದು. ಸೆರಗಿನ ಒಂದು ಹರಿದ ತುಂಡು ನನ್ನ ಗಾಲಿಗೆ ಸುತ್ತಿಕೊಂಡಿತ್ತು. ಅವಳು ಅಷ್ಟು ದೂರದಲ್ಲಿ, ಬನ್ನಿಯ ಮರದ ಕೆಳಗೆ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಮಣಿಕಟ್ಟು ಮುರಿದಿತ್ತು. ನಿಧಾನದ ವೇಗವಾದ್ದರಿಂದ ಅಷ್ಟರಲ್ಲೇ ಮುಗಿಯಿತೆಂದು ಡಾಕ್ಟರು ಹೇಳಿದರು. ಸುಮಿತ್ರಾ ಯಾರ ಮುಂದೆಯೂ ಗಾರ್ಡಿನ ಸುದ್ದಿ ಎತ್ತಲಿಲ್ಲ, "ಸೀರಿ ಸಿಕ್ಕಿತ್ರಿ" ಎಂದಷ್ಟೇ ಹೇಳಿದಳು. ನಾನು ತಿಂಗಳೊಳಗೆ ಗಾಡಿಯನ್ನು ಮಾರಿಬಿಟ್ಟೆ. ಕೈಗೆ ಹಾಕಿದ ಪಟ್ಟಿ ಬಿಚ್ಚಿದ ವಾರ, ಕಾಲೇಜಿನಿಂದ ಬಂದು ನೋಡುತ್ತೇನೆ, ಆ ಜಾಳಿಗೆ ಪಡಸಾಲೆಯ ಮೊಳೆಗೆ ತೂಗುತ್ತಿದೆ. ಅವಳೇ ಹಾಕಿದ್ದು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವವನ ಪಾಡು ನನ್ನದಾಯಿತು. ದಿನಾ ಊಟಕ್ಕೆ ಕೂತಾಗ ಅದು ಕಣ್ಣಿಗೆ ಬೀಳಲಿ ಎಂದೇ ಅಲ್ಲಿ ಇಟ್ಟಿದ್ದಾಳೆ ಎಂದು ತಿಳಿದೆ. ತಪ್ಪಾಯಿತು ಎಂಬ ಒಂದು ಮಾತು ಎಷ್ಟೋ ಸಲ ನಾಲಗೆಯ ತುದಿಗೆ ಬಂದು ರೊಟ್ಟಿಯ ತುತ್ತಿನೊಡನೆ ಒಳಗೆ ಹೋಯಿತು.

ಆದ್ದರಿಂದ, ಗೆಳೆಯರೇ, ನಾನು ಹೊಸ ಗಾಡಿ ಹುಡುಕುತ್ತಿದ್ದೆ ಎನ್ನುವುದು ಅರ್ಧ ಸತ್ಯ. ಅವಳು ಮತ್ತೆ ನನ್ನ ಹಿಂದೆ ಕೂರಬೇಕೆಂದು ಹುಡುಕುತ್ತಿದ್ದೆ. ಆದರೆ ಕನಸುಗಾರನ ಬುದ್ಧಿ ನೋಡಿ, ಅದನ್ನು ಅವಳ ಹತ್ತಿರ ಹೇಳುವ ಬದಲು ಎಂಜಿನ್ನಿನ ಶಕ್ತಿ, ಗಾಲಿಯ ಅಗಲ, ಟ್ಯಾಂಕಿನ ಅಳತೆಗಳನ್ನು ಪಟ್ಟಿ ಮಾಡುತ್ತಿದ್ದೆ. ಒಮ್ಮೆ ಚಹಾ ಕುಡಿಯುವಾಗ ಮೆಲ್ಲನೆ ಸುದ್ದಿ ತೆಗೆದಾಗ ಅವಳು ಹೋಂವರ್ಕಿನ ಪುಸ್ತಕಗಳಿಂದ ತಲೆಯೆತ್ತದೆ, "ತಗೋರಿ, ನಿಮಗ ಬಸ್ಸಿನ್ಯಾಗ ತ್ರಾಸ ಆಗತೈತಿ" ಎಂದಳು. ನಮಗೆ ಎನ್ನಲಿಲ್ಲ, ನಿಮಗೆ ಎಂದಳು. ನಾನು ಆ ಒಂದು ಮಾತನ್ನು ಬಬಲೇಶ್ವರದವರೆಗೂ ಕೊಂಡೊಯ್ದು ತಂದೆ.

ಪಟ್ಟಿ ಕಿರಿದಾಗುತ್ತ ಮೂರು ಗಾಡಿಗಳಿಗೆ ಬಂದು ನಿಂತಿತು, ಮೂರೂ ಒಂದೇ ಶೋರೂಮಿನಲ್ಲಿದ್ದವು. ಕೆಂಪಿನದು ಎಂಥ ಸುಂದರಿ! ನಿಂತಲ್ಲೇ ಓಡುವಂತೆ ಕಾಣುತ್ತಿತ್ತು, ಆದರೆ ಹಿಂದಿನ ಸೀಟು ಅಂಗೈಯಗಲ, ಅದೂ ಅಟ್ಟದೆತ್ತರ. ಬೂದಿ ಬಣ್ಣದ್ದು ಎರಡು ಸಿಲಿಂಡರಿನದು, ಬೆಣ್ಣೆಯಲ್ಲಿ ಕೂದಲೆಳೆದಂತೆ ಸಾಗುವುದಂತೆ. ಭಾರ ಬಹಳ, ನನ್ನ ಕಾಲಿನ ಬೆರಳಷ್ಟೇ ನೆಲಕ್ಕೆ ತಾಗುತ್ತಿದ್ದವು, ಎಂಜಿನ್ನಿನ ಕಾವು ನಮ್ಮ ಏಪ್ರಿಲ್ಲಿನ ಬಿಸಿಲಿಗೆ ಇನ್ನಷ್ಟು ಸೇರಿಸುವಂತಿತ್ತು. ನೀಲಿಯದು ನೋಡಲು ಸಾಧಾರಣ. ಮುಂದಿನ ಗಾಜು ಎತ್ತರ, ಹ್ಯಾಂಡಲು ಎತ್ತರ, ಹಿಂದಿನ ಸೀಟು ಅಗಲವಾಗಿ ತಗ್ಗಾಗಿ ಇತ್ತು. ರಜಾಕ್ ಮಿಸ್ತ್ರಿ ಮೂರನ್ನೂ ಸುತ್ತಿ ಬಂದು ತಮ್ಮ ತೀರ್ಪು ಕೊಟ್ಟರು:

"ಸರ, ಗಾಡಿ ತಗೊಳ್ಳೂದಂದ್ರ ಎತ್ತ ತಗೊಂಡಂಗ. ಕಾರಹುಣ್ಣಿವಿಗೆ ಕರಿ ಹರಿಯೂ ದಿನದ ಓಟ ನೋಡಬ್ಯಾಡ್ರಿ, ದಿನಾ ಹೂಡಿದ್ರ ಹ್ಯಾಂಗ ನಡೀತೈತಿ ನೋಡ್ರಿ. ಮತ್ತ ಸಾಮಾನು ನಮ್ಮೂರಾಗ ಸಿಗಬೇಕು, ಒಂದ ಸ್ಕ್ರೂಕ ಹುಬ್ಬಳ್ಳಿಗೆ ಓಡೂದು ಆಗಬಾರ್ದು."

ನನ್ನ ಕಣ್ಣು ಮಾತ್ರ ಕೆಂಪಿನದನ್ನು ಬಿಟ್ಟು ಕದಲಲಿಲ್ಲ.

ಹಿಂದೆ ಭಾರವಿದ್ದಾಗ ಗಾಡಿ ಹೇಗೆ ನಡೆಯುತ್ತದೆ ಎಂಬುದನ್ನು ಪರೀಕ್ಷಿಸಬೇಕಿತ್ತು. ಹೆಂಡತಿಯನ್ನು ಕರೆಯುವ ಧೈರ್ಯವಿಲ್ಲ. ಆಗ ನನಗೆ ಹೊಳೆದ ಉಪಾಯವನ್ನು ಬಿಳಿಜೋಳದ ಸೀಮೆಯವನಲ್ಲದೆ ಬೇರೆ ಯಾರೂ ಮಾಡಲಾರರು. ಪೇಟೆಯ ಅಂಗಡಿಯಿಂದ ಜೋಳದ ಚೀಲವೊಂದನ್ನು ಕೊಂಡೆ. ಅವಳ ತೂಕವನ್ನು ಕೇಳುವ ಎದೆಗಾರಿಕೆ ಯಾವತ್ತೂ ನನಗಿರಲಿಲ್ಲ, ಚೀಲದ ಮೇಲೆ ಬರೆದ ಐವತ್ತು ಕಿಲೋ ಎಂಬುದು ನ್ಯಾಯವಾಗಿಯೂ ಗೌರವವಾಗಿಯೂ ಕಂಡಿತು. ಆಟೋದಲ್ಲಿ ಅದನ್ನು ಸೊಲ್ಲಾಪುರ ರಸ್ತೆಯ ಶೋರೂಮಿಗೆ ಸಾಗಿಸಿ, ಕೆಂಪು ಗಾಡಿಯ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದೆ. ಶೋರೂಮಿನವರು ಒಬ್ಬರ ಮುಖ ಒಬ್ಬರು ನೋಡಿದರು. "ಸರ, ಬೀಸಾಕ ಹೊಂಟೀರೇನ್ರಿ?" ಎಂದು ಒಬ್ಬ ವಿನಯದಿಂದಲೇ ಕೇಳಿದ.

ಆ ಬೆಳಗಿನ ಸವಾರಿಯನ್ನು ನಾನು ಮರೆಯಲಾರೆ. ಚಳಿಗಾಲದ ಎಳೆಬಿಸಿಲು, ರಸ್ತೆ ಖಾಲಿ, ದೂರದಲ್ಲಿ ಗುಮ್ಮಟದ ಬೆನ್ನು ಮಂಜಿನಲ್ಲಿ ಅರ್ಧ ಕರಗಿತ್ತು. ಕೆಂಪು ಗಾಡಿ ಕೈ ತಿರುವಿದ್ದೇ ತಡ ಮುನ್ನುಗ್ಗುತ್ತಿತ್ತು. ನಾನು ಆಗಲೇ ಘಟ್ಟದ ತಿರುವುಗಳಲ್ಲಿದ್ದೆ, ತೇಗದ ಎಲೆಗಳ ವಾಸನೆ ಬರುತ್ತಿತ್ತು, ಕೆಳಗೆಲ್ಲೋ ನೀಲಿಯ ಗೆರೆಯೊಂದು ಮಿಂಚುತ್ತಿತ್ತು. ಬೈಪಾಸಿನವರೆಗೆ ಹೋಗಿ ತಿರುಗಿ ಬರುವಾಗ ರಸ್ತೆಯ ಮೇಲೆ ಪಾರಿವಾಳಗಳು ಸಾಲುಗಟ್ಟಿ ಕೂತದ್ದು ಕಂಡಿತು. ಎಷ್ಟು ಚೆಂದ ಎಂದುಕೊಂಡೆ. ಶೋರೂಮು ಮುಟ್ಟಿ ಇಳಿದ ಮೇಲೆ ಗೊತ್ತಾಯಿತು, ಚೀಲದ ಮೂಲೆ ಹಗ್ಗಕ್ಕೆ ಸಿಕ್ಕಿ ಹರಿದು ದಾರಿಯುದ್ದಕ್ಕೂ ಜೋಳ ಸೋರಿತ್ತು. ಪಾರಿವಾಳಗಳು ನನ್ನ ಹೆಂಡತಿಯ ತೂಕವನ್ನು ಆರಿಸಿ ತಿನ್ನುತ್ತಿದ್ದವು.

ಜೋರಾಪುರ ಪೇಟೆಯಲ್ಲಿ ಸುದ್ದಿಗೆ ಕಾಲಲ್ಲ, ರೆಕ್ಕೆ. ನಾನು ಅರ್ಧ ಚೀಲ ಹೊತ್ತ ಆಟೋದಿಂದ ಇಳಿಯುವಷ್ಟರಲ್ಲಿ ಸುಮಿತ್ರಾಳಿಗೆ ಎಲ್ಲ ತಿಳಿದಿತ್ತು. ಅವಳು ಹೊಸ್ತಿಲಲ್ಲಿ ನಿಂತು ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. "ಇದಕ್ಕೊಂದು ಸೀರಿ ಉಡಸಬೇಕಿತ್ತಲ್ರಿ" ಎಂದು ನಗಲು ಶುರುಮಾಡಿದವಳು, ಬಾಗಿಲ ಚೌಕಟ್ಟು ಹಿಡಿದು ನಗು ನಿಲ್ಲಿಸಿದಳು.

"ನೋಡ್ರಿ, ಅರ್ಧಾ ಚೀಲ ಸೋರಿ ಹೋಗೇತಿ, ನಿಮಗ ಗೊತ್ತಾಗಿಲ್ಲ. ಅವತ್ತ ನಾನೂ ಹಂಗ ಹೋದೆ. ಬಿದ್ದದ್ದಕ್ಕ ನನಗ ಸಿಟ್ಟ ಇಲ್ರಿ, ಸೀರಿ ಸಿಗತಾವು, ಮಂದಿ ಬೀಳ್ತಾರ. ನಾ ಹೂಂ ಅನ್ನೂದ ನಿಂತದ್ದು ನಿಮಗ ತಿಳೀಲಿಲ್ಲ. ಅದೊಂದು ಮನಸಿನ್ಯಾಗ ಉಳದೈತಿ."

ಎರಡೂವರೆ ವರ್ಷದಲ್ಲಿ ಆ ವಿಷಯ ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ಜೋಳವನ್ನು ಡಬ್ಬಿಗೆ ಸುರಿಯುವ ಕೆಲಸವನ್ನು ಬೇಕೆಂದೇ ಬಹಳ ಹೊತ್ತು ಮಾಡಿದೆ.

ಮರುದಿನ ಭಾನುವಾರ. ನಾನು ಗಾಡಿಯ ಆಸೆಯನ್ನೇ ಕೈಬಿಟ್ಟು ಪತ್ರಿಕೆ ಓದುತ್ತಿದ್ದೆ. ಸುಮಿತ್ರಾ ಸೀರೆ ಉಟ್ಟು, ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಏನನ್ನೋ ಅವುಚಿಕೊಂಡು ಬಂದು, "ನಡೀರಿ, ಗಾಡಿ ನೋಡಿ ಬರೂಣು" ಎಂದಳು. ದಾರಿಯಲ್ಲಿ ರಜಾಕ್ ಮಿಸ್ತ್ರಿಯವರನ್ನೂ ಗ್ಯಾರೇಜಿನಿಂದ ಎಬ್ಬಿಸಿಕೊಂಡಳು. ಶೋರೂಮಿನಲ್ಲಿ ಅವಳು ಮೂರೂ ಗಾಡಿಗಳನ್ನು ದೂರದಿಂದಲೇ ನೋಡಿ, ಮಿಸ್ತ್ರಿಯ ಕಡೆ ತಿರುಗಿ, "ಅಣ್ಣಾರ, ನೀವು ಹೊಡೀರಿ. ಇವರು ಹಿಂದ ಕುಂದರ್ತಾರ" ಎಂದಳು. ನನಗೆ ಹೇಳಿದ್ದು ಇಷ್ಟೇ: "ಹಿಂದ ಕುಂತವರಿಗೆ ಏನ ಕಾಣತೈತಿ ಒಮ್ಮೆ ನೋಡಿ ಬರ್ರಿ."

ನಾನು ಗಾಡಿ ಕಲಿತಾಗಿನಿಂದ ಯಾರ ಹಿಂದೆಯೂ ಕೂತವನಲ್ಲ. ಮೊದಲು ಕೆಂಪು ಗಾಡಿ. ಆ ಅಂಗೈಯಗಲದ ಸೀಟಿನ ಮೇಲೆ ನಾನು ಗೂಟಕ್ಕೆ ಕೂರಿಸಿದ ಗಡಿಗೆಯಾದೆ. ಮುಂದಿನ ರಸ್ತೆ ಕಾಣುವುದಿಲ್ಲ, ಕಾಣುವುದು ಮಿಸ್ತ್ರಿಯ ಅಂಗಿಯ ಬೆನ್ನು ಮತ್ತು ಕಾಲರಿನ ಎಣ್ಣೆಯ ಕಲೆ. ಗುಂಡಿ ಹೇಳದೆ ಬರುತ್ತದೆ, ಬ್ರೇಕು ಕೇಳದೆ ಬೀಳುತ್ತದೆ. ಓಡಿಸುವವನಿಗೆ ಎಲ್ಲವೂ ಒಂದು ಕ್ಷಣ ಮೊದಲೇ ಗೊತ್ತು, ಹಿಂದಿನವನಿಗೆ ಒಂದು ಕ್ಷಣ ತಡವಾಗಿ. ಹಿಡಿಯಲು ಏನೂ ಸಿಗದೆ ನಾನು ಮಿಸ್ತ್ರಿಯ ಸೊಂಟವನ್ನೇ ತಬ್ಬಿದೆ. ಅವರು ಏನೇನೋ ಹೇಳುತ್ತಿದ್ದರು, ಗಾಳಿಗೆ ಅರ್ಧಕ್ಕರ್ಧ ಕೇಳುತ್ತಿರಲಿಲ್ಲ. ಆದರೂ ನನಗರಿವಿಲ್ಲದೆ ಹೂಂ ಎನ್ನುತ್ತಿದ್ದೆ. ಅವರ ಮಾತು ತಿಳಿಯಿತೆಂದು ಹಾಗೆ ಅನ್ನುತ್ತಿರಲಿಲ್ಲ. ನಾನಿನ್ನೂ ಇಲ್ಲಿದ್ದೇನೆ, ನನ್ನನ್ನು ಮರೆಯಬೇಡಿ ಎಂಬುದಕ್ಕೆ ಅನ್ನುತ್ತಿದ್ದೆ. ಹದಿನೆಂಟು ವರ್ಷ ಹಿಂದಿನ ಸೀಟಿನಿಂದ ನನಗೆ ಬಂದದ್ದು ಈ ಮಾತೇ ಎಂದು ಹೊಳೆದಾಗ ನನಗೆ ಹೆಲ್ಮೆಟ್ಟಿನೊಳಗೆ ಅಳು ಬಂದಿತು, ಸುಳ್ಳೇಕೆ ಹೇಳಲಿ.

ತಿರುಗಿ ಬಂದು ನಿಂತಾಗ ಮಿಸ್ತ್ರಿಯನ್ನು ಕೇಳಿದೆ: "ನಾ ಹೂಂ ಅಂದದ್ದು ನಿಮಗ ಕೇಳಸ್ತೇನ್ರಿ?"

"ಎಲ್ಲೀದ ಸರ, ಗಾಳಿ ಭರ್ರ್ ಅಂತೈತಿ."

ಬೂದಿ ಗಾಡಿಯಲ್ಲೂ ಅದೇ ಪ್ರಶ್ನೆ. "ಏನೋ ಒಂದೆರಡು ಕೇಳಿದಂಗಾತ್ರಿ" ಎಂದರು ಅವರು, ಮಾಸ್ತರಿಗೆ ಏನೋ ಆಗಿದೆ ಎಂಬ ಕನಿಕರದಿಂದ. ನೀಲಿ ಗಾಡಿಯ ಸೀಟಿನಲ್ಲಿ ಬೆನ್ನು ನೆಟ್ಟಗಾಯಿತು, ಕಾಲಿಗೆ ಜಾಗ ಸಿಕ್ಕಿತು, ಹಿಡಿಯಲು ಎರಡೂ ಬದಿ ಹಿಡಿಕೆ ಇತ್ತು. ಎತ್ತರದ ಗಾಜು ಗಾಳಿಯನ್ನು ತಲೆಯ ಮೇಲೆ ದಾಟಿಸುತ್ತಿತ್ತು. ಅದರಿಂದ ಇಳಿದಾಗ ನಾನು ಕೇಳುವ ಮೊದಲೇ ಮಿಸ್ತ್ರಿ ನಕ್ಕರು: "ಹೂಂ, ಹೂಂ, ಹೂಂ. ತಲಿ ತಿಂದ್ರಿ ಸರ. ಎಲ್ಲಾ ಕೇಳಸ್ತು."

ಜಗತ್ತಿನ ಯಾವ ವಿಡಿಯೋದವರೂ ಗಾಡಿಯನ್ನು ಹೀಗೆ ಪರೀಕ್ಷಿಸಿರಲಿಕ್ಕಿಲ್ಲ. ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು, ನೀಲಿಯದೇ ಆಗಲಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಸುಮಿತ್ರಾ ಶೋರೂಮಿನ ಮುಂದಿನ ಬೇವಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ನಾನು ಎದುರಿಗೆ ಹೋಗಿ ನಿಂತೆ. ಪಾಠ ಮಾಡುವವನಿಗೆ ಮಾತಿನ ಬರವಿಲ್ಲ, ಆದರೂ ಅಂದು ಹೊರಟದ್ದು ನಾಲ್ಕೇ ಮಾತು. "ನಂದ ತಪ್ಪಾತು. ಗಾರ್ಡ್ ತೆಗಸಿದ್ದೂ ತಪ್ಪು, ನೀ ಇಲ್ಲದ್ದು ತಿಳೀದ ಹೋದದ್ದೂ ತಪ್ಪು. ಗ್ವಾಡಿ ಮ್ಯಾಲೆ ಅದನ್ನ ದಿನಾ ನೋಡಿದ್ರೂ ಹೇಳಾಕ ಬಾಯಿ ಬರಲಿಲ್ಲ." ಅವಳು ಕಂಕುಳಿನ ಪತ್ರಿಕೆಯ ಗಂಟನ್ನು ಬಿಚ್ಚಿ, ಒಳಗಿನದನ್ನು ಶೋರೂಮಿನವನ ಮುಂದೆ ಹಿಡಿದಳು.

"ಇದು ಈ ನೀಲಿ ಗಾಡಿಗೆ ಕೂಡತೈತೇನ್ರಿ?"

ಅದು ನಮ್ಮ ಪಡಸಾಲೆಯ ಜಾಳಿಗೆ. ಸೌಟಿನ ಜಿಡ್ಡನ್ನು ತಿಕ್ಕಿ ತೊಳೆದಿದ್ದಳು. ಮುರಿದ ಬೋಲ್ಟಿನ ಜಾಗಕ್ಕೆ ವೆಲ್ಡಿಂಗ್ ಆಗಿತ್ತು. ಅದೂ ಕೈಯ ಪಟ್ಟಿ ಬಿಚ್ಚಿದ ವಾರವೇ, ನನಗೆ ಗೊತ್ತಿಲ್ಲದಂತೆ, ಇದೇ ಮಿಸ್ತ್ರಿಯ ಗ್ಯಾರೇಜಿನಲ್ಲಿ. ನಾನು ಬೆಪ್ಪಾಗಿ ನೋಡುತ್ತಿದ್ದೆ.

"ನಿಮ್ಮ ಕಣ್ಣಿಗೆ ಚುಚ್ಚಲಿ ಅಂತ ಇಟ್ಟಿದ್ದೆ ಅಂದ್ಕೊಂಡ್ರೇನು? ಮುಂದಿನ ಗಾಡಿಗೆ ಬೇಕಾಗತೈತಿ ಅಂತ ಇಟ್ಟಿದ್ದೆ, ತುಕ್ಕ ಹಿಡಿಬಾರ್ದಂತ ಒಲಿ ಕಾವ ಬರೂ ಬಾಗಲ ಬಾಜೂಕ ಹಾಕಿದ್ದೆ. ನೀವು ಕರೀಲೇ ಇಲ್ಲಲ್ರಿ."

ಶೋರೂಮಿನವನು ಅದನ್ನು ನೀಲಿ ಗಾಡಿಗೆ ಹಿಡಿದು ನೋಡಿ ತಲೆಯಾಡಿಸಿದ. ಅಳತೆ ಬೇರೆ, ತೂತುಗಳು ಬೇರೆ. ಹೊಸ ಗಾಡಿಯೊಡನೆ ಅದರದೇ ಗಾರ್ಡು ಬರುತ್ತದೆ, ಆದರೆ ನೋಡಲು ಸರಿ ಕಾಣುವುದಿಲ್ಲವೆಂದು ಬಹಳ ಮಂದಿ ಮೊದಲ ದಿನವೇ ಬಿಚ್ಚಿಸಿಬಿಡುತ್ತಾರೆ ಎಂದ. "ಬಿಚ್ಚಲೇನ್ರಿ ಸರ?" ಎಂದೂ ಕೇಳಿದ. ನಾನು, ಮಿಸ್ತ್ರಿ ಇಬ್ಬರೂ ಒಟ್ಟಿಗೆ "ಬ್ಯಾಡ!" ಎಂದು ಎಷ್ಟು ಜೋರಾಗಿ ಹೇಳಿದೆವೆಂದರೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಗಾಡಿ ಮನೆಗೆ ಬಂದ ದಿನ ಗಾಲಿಗೆ ನಿಂಬೆಹಣ್ಣು, ಹ್ಯಾಂಡಲಿಗೆ ಚೆಂಡುಹೂವಿನ ಸರ, ಪೇಟೆಯ ಮಂದಿಗೆಲ್ಲ ಪೇಢೆ. ಸೋಮವಾರ ಮುಂಜಾನೆ ಸುಮಿತ್ರಾ ಹೆಲ್ಮೆಟ್ಟು ಹಾಕಿ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಕ್ಷಣ ಸೀಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ಆ ಕ್ಷಣ ನನಗೆ ಎರಡೂವರೆ ವರ್ಷಕ್ಕಿಂತ ಉದ್ದವಾಗಿ ಕಂಡಿತು. ಆಮೇಲೆ ಗಾಡಿ ತುಸು ತಗ್ಗಿತು, ನನ್ನ ಭುಜದ ಮೇಲೆ ಅವಳ ಎಡಗೈ ಬಂದಿತು.

"ನಾ ಹೂಂ ಅನ್ನೂತನಾ ಮಾತಾಡ್ರಿ. ನಿಂತ್ರ ನಿಲ್ಲಸ್ರಿ" ಎಂದಳು.

ಊರು ದಾಟಿದೆವು. ಎರಡೂ ಬದಿ ತೆನೆ ಬಿಟ್ಟ ಜೋಳ,‌ ಮೇಲೆ ಮೋಡವಿಲ್ಲದ ಆಕಾಶ, ಎಂಜಿನ್ನಿನ ಮೆಲುದನಿ ನಿದ್ದೆಯ ಮಗುವಿನ ಉಸಿರಿನಷ್ಟೇ. ನಾನು ಅಂದು ಅರ್ಧಕ್ಕೆ ಬಿಟ್ಟ ಸಮುದ್ರವನ್ನೇ ಮತ್ತೆ ಎತ್ತಿಕೊಂಡೆ. ಹುಣ್ಣಿಮೆಯ ದಿನ ಚಂದ್ರ ನೀರನ್ನು ಹೇಗೆ ತನ್ನತ್ತ ಕರೆಯುತ್ತಾನೆ, ನೀರು ಹೇಗೆ ದಂಡೆಯ ಮೇಲೇರಿ ಬಂದು ಮತ್ತೆ ಒಲ್ಲದ ಮನಸ್ಸಿನಿಂದ ತಿರುಗಿ ಹೋಗುತ್ತದೆ ಎಂದು. ಹೂಂ. ಒಣದ್ರಾಕ್ಷಿಯ ಶೆಡ್ಡುಗಳು ಹಿಂದೆ ಸರಿದವು. ಹೂಂ. ಕನಸಿನಲ್ಲಿ ಸಾಗಿದಂತೆ ಸಾಗಿದ್ದೆವು, ರಸ್ತೆ ತಾನೇ ನಮ್ಮ ಕೆಳಗೆ ಹರಿಯುತ್ತಿತ್ತು. ಬನ್ನಿಯ ಮರ ದೂರದಲ್ಲಿ ಕಂಡಿತು, ಹತ್ತಿರವಾಯಿತು. ನಾನು ಒಂದು ಮಾತು ಮುಗಿಸಿ ಕಾದೆ. ಹಿಂದಿನಿಂದ ಏನೂ ಬರಲಿಲ್ಲ.

ಬ್ರೇಕು ಹಿಡಿದು ಗಾಡಿಯನ್ನು ಬದಿಗೆ ತಂದು ತಿರುಗಿ ನೋಡಿದೆ. ಅವಳು ಸೀಟಿನ ಮೇಲೆಯೇ ನೆಟ್ಟಗೆ ಕೂತಿದ್ದಳು, ಎರಡೂ ಕಣ್ಣಿನಲ್ಲಿ ನೀರು, ಬಾಯಲ್ಲಿ ನಗು.

"ಏನಿಲ್ರಿ. ನಿಲ್ಲಸ್ತೀರೋ ಇಲ್ಲೋ ಅಂತ ನೋಡಿದೆ" ಎಂದಳು. ಕಣ್ಣು ಒರೆಸಿಕೊಂಡು, "ನಡೀರಿ, ಸಾಲಿಗೆ ಹೊತ್ತಾಗೇತಿ. ನೀರು ತಿರುಗಿ ಹೋದ ಮ್ಯಾಲೆ ಏನಾಗತೈತಿ, ಮುಂದ ಹೇಳ್ರಿ" ಎಂದಳು.

ಸಮುದ್ರಕ್ಕೆ ನಾವಿನ್ನೂ ಹೋಗಿಲ್ಲ, ಬೇಸಿಗೆ ರಜೆ ಬರಬೇಕು. ಹಳೆಯ ಜಾಳಿಗೆ ಮತ್ತೆ ಅದೇ ಮೊಳೆಗೆ ಬಂದಿದೆ, ಅದರ ಮೇಲೆ ಜರಡಿ, ಎರಡು ಸೌಟು, ಈ ವಾರ ಬೆಳ್ಳುಳ್ಳಿಯೂ ಉಂಟು. ಅದು ನಮಗಾಗಿ ಅಲ್ಲಿ ಕಾದು ಕೂತಿತ್ತು ಎಂದು ಈಗ ಗೊತ್ತಿರುವುದರಿಂದ ಊಟಕ್ಕೆ ಕೂತಾಗ ನಾನು ತಲೆ ತಗ್ಗಿಸುವುದಿಲ್ಲ. ಈಗಲೂ ಅದರ ನೆರಳು ನನ್ನ ಕುರ್ಚಿಯ ಕಾಲನ್ನು ಮುಟ್ಟಿದೆ, ಅಂದರೆ ಮೂರು ಗಂಟೆ. ಇಷ್ಟು ಹೊತ್ತು ಇದನ್ನು ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದೆ, ಅಡುಗೆಮನೆಯಿಂದ ಸುಮಿತ್ರಾ ಹೂಂಗುಟ್ಟುತ್ತಿದ್ದಳು. ಈಗ ಹೂಂ ನಿಂತಿದೆ. ಚಹಾಕ್ಕೆ ಹಾಲು ತರಲು ಹೋದಳೋ, ಕೂತಲ್ಲೇ ಜೊಂಪು ಹತ್ತಿತೋ ತಿಳಿಯದು. ಕ್ಷಮಿಸಿ ಗೆಳೆಯರೇ, ಮಾತು ಇಲ್ಲಿಗೇ ನಿಲ್ಲಿಸಿ ಎದ್ದು ನೋಡಿ ಬರುತ್ತೇನೆ.